ಪಶ್ಚಿಮಕ್ಕೆ ಹೊರಟ ಪೆಲಿಕನ್

"ನನ್ನ ಹಕ್ಕೀನ ನೀವು ಕದ್ದಿದ್ದೀರೋ, ಮರೆತಿದ್ದೀರೋ?" ಎಂದು ಮೆರಿನ್ ಟ್ರೆಗೆನ್ಜಾ ಗುರುತಿಲ್ಲದ ಗಂಡಸೊಬ್ಬನಿಗೆ ಬರೆದಳು. ಇನ್ನೂ ಸ್ವಲ್ಪ ಖಾರ ಬೇಕಿತ್ತು ಅನ್ನಿಸಿದರೂ ಹಾಗೇ ಕಳಿಸಿಬಿಟ್ಟಳು.

ಆಗ ಅವಳ ಎಡಗೈಯಲ್ಲಿ ಎರಡು ಸೂಜಿಗಳಿದ್ದವು. ಪಕ್ಕದ ಡಯಾಲಿಸಿಸ್ ಯಂತ್ರ ಅವಳ ರಕ್ತವನ್ನು ಎಳೆದುಕೊಂಡು, ತೊಳೆದು, ವಾಪಸು ಕೊಡುತ್ತಿತ್ತು. ದಿನ ಬಿಟ್ಟು ದಿನ ವಲರೂ ಊರಿನ ಆಸ್ಪತ್ರೆ, ಅದೇ ಕುರ್ಚಿ, ಅದೇ ಕಿಟಕಿ. ಗೋಧಿ ತುಂಬಿಕೊಳ್ಳುವ ಹಡಗುಗಳು ಬರುತ್ತಿದ್ದವು, ಹೋಗುತ್ತಿದ್ದವು. ಮೆರಿನ್ ಹೋಗುವಂತಿರಲಿಲ್ಲ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿತ್ತು.

ಅದಕ್ಕೇ ಅವಳು ಹಕ್ಕಿಯನ್ನು ಕಳಿಸಿದ್ದು. ಅಂಗೈಯಷ್ಟು ದೊಡ್ಡ ಉಲ್ಲನ್ ಪೆಲಿಕನ್. ಕೊರಳಲ್ಲಿ ಸಂಖ್ಯೆ ಕೊರೆದ ತಗಡಿನ ಬಿಲ್ಲೆ, ಜೊತೆಗೊಂದು ಚೀಟಿ: 'ನನ್ನನ್ನು ಪಶ್ಚಿಮದ ಸಮುದ್ರಕ್ಕೆ ಮುಟ್ಟಿಸಿ.' ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಫೋನಿನ ನಕ್ಷೆ ಹಿಡಿದು ಹುಡುಕುವ ಆಟ ಅದು. ಒಂದು ಡಬ್ಬಿಯಲ್ಲಿ ಹಕ್ಕಿ ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಸಾಗಿಸಿ, ಆ ಸಂಖ್ಯೆ ಹಾಕಿ ವೆಬ್‌ಸೈಟಿನಲ್ಲಿ ಬರೆಯಬೇಕು. ಕುರ್ಚಿಯಲ್ಲಿ ಕೂತ ಮೆರಿನ್‌ಗೆ ನಕ್ಷೆಯ ಮೇಲೆ ಗೆರೆ ಬೆಳೆಯುವುದು ಕಾಣುತ್ತಿತ್ತು.

ಕ್ಯಾರವಾನೆಂಬ ಗಾಡಿಮನೆಯಲ್ಲಿ ಊರೂರು ತಿರುಗುವ ಮುದುಕ ದಂಪತಿ ಹಕ್ಕಿಯನ್ನು ಪೋರ್ಟ್ ಆಗಸ್ಟಾಕ್ಕೆ ಒಯ್ದು, ಮಾಂಸದ ಪೈ ಪಕ್ಕ ಕೂರಿಸಿ ಫೋಟೋ ಹಾಕಿದರು. ಕುರಿ ಉಣ್ಣೆ ಕತ್ತರಿಸುವ ಹೆಂಗಸೊಬ್ಬಳು ಪಶ್ಚಿಮ ಯಾವ ಕಡೆ ಅಂತ ಗೊತ್ತಿಲ್ಲದೆ ಉತ್ತರಕ್ಕೆ, ಕೂಬರ್ ಪೀಡಿಯ ಓಪಲ್ ರತ್ನದ ಗಣಿಗಳ ಕಡೆಗೆ ಕೊಂಡೊಯ್ದಳು. ಅಲ್ಲಿ ನೆನಾದ್ ಎನ್ನುವವನು ಎತ್ತಿಕೊಂಡೆ ಅಂತ ಬರೆದ. ಗೆರೆ ನಿಂತುಹೋಯಿತು. ಬೇಸಿಗೆ ಬಂದರೂ ಕದಲಲಿಲ್ಲ.

ಅವಳ ಪ್ರಶ್ನೆಗೆ ಅವನ ಉತ್ತರ ಮಾರನೆಯ ದಿನ ಬಂತು.

"ಕದ್ದಿಲ್ಲ, ಮರೆತಿಲ್ಲ. ನಾನೂ ನಿಮ್ಮ ಹಕ್ಕೀನೂ ಒಟ್ಟಿಗೆ ಗುಂಡಿಗೆ ಬಿದ್ವಿ."

ಜೊತೆಗೊಂದು ಫೋಟೋ. ತೊಡೆಯವರೆಗೆ ಪ್ಲಾಸ್ಟರು ಕಟ್ಟಿದ ಕಾಲು. ಅದರ ಮೇಲೆ ಕೆಂಧೂಳು ಮೆತ್ತಿದ ಪೆಲಿಕನ್.

ಮೆರಿನ್‌ಗೆ ಮುಖ ಬಿಸಿಯಾಯಿತು. "ಕ್ಷಮಿಸಿ. ನಂಗೆ ಗೊತ್ತಿರ್ಲಿಲ್ಲ," ಎಂದು ಬರೆದಳು.

"ಪರ್ವಾಗಿಲ್ಲ. ಬೈಸ್ಕೊಂಡು ತುಂಬಾ ದಿನ ಆಗಿತ್ತು. ಇಲ್ಲಿ ಎಲ್ರೂ ಪಾಪ ಪಾಪ ಅಂತಾರೆ."

ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಮಾತು ಬೆಳೆಯಿತು. ಮೊದಲು ಅಕ್ಷರದಲ್ಲಿ, ಆಮೇಲೆ ಫೋನಿನಲ್ಲಿ. ನೆನಾದ್ ಪೆಟ್ಕೊವಿಚ್‌ನ ಅಪ್ಪ ಓಪಲ್ ಆಸೆಗೆ ಸರ್ಬಿಯಾದಿಂದ ಬಂದು, ಗುಡ್ಡದೊಳಗೆ ಮನೆ ಕೊರೆದವನು. ಮಗ ಆ ಮನೆಯಲ್ಲೇ ಹುಟ್ಟಿ ಬೆಳೆದವನು. ಮುಂದಿನ ಡಬ್ಬಿ ಹುಡುಕುತ್ತಾ, ಫೋನ್ ನೋಡಿಕೊಂಡೇ ಹಿಂದೆ ಹಿಂದೆ ನಡೆದು, ಯಾರೋ ಅಗೆದು ಬಿಟ್ಟ ಗುಂಡಿಗೆ ಜಾರಿದ್ದ. ಜೇಬಿನಲ್ಲಿ ಹಕ್ಕಿ. ಮಾರನೆಯ ದಿನದವರೆಗೂ ಯಾರಿಗೂ ಗೊತ್ತಾಗಲಿಲ್ಲ.

"ನೆನಾದ್ ಅಂದ್ರೇನು?" ಒಮ್ಮೆ ಕೇಳಿದಳು.

"ನೆನೆಸದೇ ಬಂದವನು ಅಂತ. ನಮ್ಮಮ್ಮಂಗೆ ವಯಸ್ಸಾದ್ಮೇಲೆ ಹುಟ್ಟಿದೆ."

"ಓಹೋ. ನೆನೆಸದೇ ಬಂದು ಬೀಳೋ ಅಭ್ಯಾಸ ಅವತ್ತಿಂದ್ಲೇ ಇದೆ ಅನ್ನಿ."

ಅವನು ನಕ್ಕ. ದಪ್ಪ ದನಿಯ, ಆತುರವಿಲ್ಲದ ನಗು. ಯಂತ್ರದ ಸದ್ದಿನ ನಡುವೆ ಆ ನಗುವನ್ನು ಹಿಡಿಯಲು ಮೆರಿನ್ ಫೋನನ್ನು ಕಿವಿಗೆ ಒತ್ತಿಕೊಂಡಳು.

ಬಿದ್ದ ಮೇಲೆ ಗುಡ್ಡದೊಳಗಿನ ಮನೆಯಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಸೂರು ಎದೆಯ ಮೇಲೆ ಇಳಿದಂತಾಗುತ್ತಿತ್ತು. ಹೊರಗೆ ತನ್ನ ಟ್ರಕ್ಕಿನಲ್ಲಿ ಮಲಗುತ್ತಿದ್ದ. "ಮನೆ ಒಳಗೆ ಇರಕ್ಕಾಗಲ್ಲ, ಕಾಲಿಂದಾಗಿ ಊರು ಬಿಡಕ್ಕಾಗಲ್ಲ," ಎಂದ. ಮೆರಿನ್ ತನ್ನ ಕುರ್ಚಿಯ ಬಗ್ಗೆ ಹೇಳಿದಳು. ಅವನು ಪಾಪ ಅನ್ನಲಿಲ್ಲ. "ಕಿಟಕಿಯಿಂದ ಏನೇನು ಕಾಣುತ್ತೆ ಹೇಳಿ," ಎಂದ.

ಪ್ಲಾಸ್ಟರು ಬಿಚ್ಚಿದರು. ಒಂದು ದಿನ ಗೆರೆ ಕದಲಿತು. ಕೂಬರ್ ಪೀಡಿಯಿಂದ ದಕ್ಷಿಣಕ್ಕೆ, ಮತ್ತೆ ಪೋರ್ಟ್ ಆಗಸ್ಟಾಕ್ಕೆ. ಅಲ್ಲಿಂದಲೇ ಪಶ್ಚಿಮದ ಹೆದ್ದಾರಿ ಕವಲೊಡೆಯುವುದು. ಮೆರಿನ್ ಊಟ ಬಿಟ್ಟು ಕಾದಳು. ಮುಂದಿನ ಚುಕ್ಕಿ ಪೋರ್ಟ್ ಪಿರೀಯಲ್ಲಿ ಬಿತ್ತು. ಅದು ಅವಳ ಊರಿನ ದಾರಿ.

ಅವಳು ಕೂಡಲೇ ಫೋನ್ ಮಾಡಿದಳು. "ಆಗಸ್ಟಾದಲ್ಲಿ ಬಲಕ್ಕೆ ತಿರುಗ್ಬೇಕಿತ್ತು."

"ಗೊತ್ತು."

"ಮತ್ತೆ?"

"ಎಡಕ್ಕೆ ತಿರುಗ್ದೆ."

"ನಂಗೆ ಹೋಗಕ್ಕಾಗಲ್ಲ ಅಂತ ಅದನ್ನ ಕಳ್ಸಿದ್ದು. ಅದೂ ವಾಪಸ್ ಬಂದ್ರೆ ನಂಗೇನು ಉಳಿಯುತ್ತೆ?" ದನಿ ಒಡೆಯುವ ಮೊದಲೇ ಕಟ್ ಮಾಡಿದಳು.

ಮಾರನೆಯ ಬೆಳಿಗ್ಗೆ ಅವಳು ತಂಗಿ ಲೊವೆನ್ನಾಳ ಬೇಕರಿಯಲ್ಲಿ ಪ್ಯಾಸ್ಟಿ ಕಡುಬುಗಳ ಅಂಚು ಮಡಚುತ್ತಿದ್ದಳು. ಲೊವೆನ್ನಾ ಒಳಗೆ ಇಣುಕಿದಳು.

"ಅಕ್ಕಾ, ಒಬ್ಬ ಗಿರಾಕಿ ಬಂದಿದಾನೆ. ಪ್ಯಾಸ್ಟಿ ಬೇಡ್ವಂತೆ, ನಿಂಗೆ ಪೆಲಿಕನ್ ಕೊಡ್ಬೇಕಂತೆ. ಉದ್ದ ಇದಾನೆ. ಕಣ್ಣು ಚೆನ್ನಾಗಿದೆ. ನಿಂಗೆ ಬೇಡಾಂದ್ರೆ ಈಗ್ಲೇ ಹೇಳ್ಬಿಡು."

"ಬಾಯ್ ಮುಚ್ಚೇ."

ಹೊರಗೆ ಅವನು ಕೋಲೂರಿ ನಿಂತಿದ್ದ. ಬಿಸಿಲಿಗೆ ಬೆಳ್ಳಗಾದ ಹುಬ್ಬು, ಕಂದು ಕಣ್ಣು. ಆ ಕಣ್ಣು ಅವಳ ಮುಖ ನೋಡಿತು, ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ರಕ್ತನಾಳ ನೋಡಿತು, ಅವಸರವಿಲ್ಲದೆ ಮತ್ತೆ ಮುಖಕ್ಕೆ ಬಂತು. ಎಲ್ಲರೂ ತೋಳು ನೋಡಿ ಬೇರೆಲ್ಲೋ ನೋಡುತ್ತಾರೆ. ಮೆರಿನ್ ಹಿಂದಿನ ದಿನದ ಕೋಪವನ್ನು ಹುಡುಕಿಕೊಂಡಳು.

"ಕೆನ್ನೆ ಮೇಲೆ ಹಿಟ್ಟಿದೆ," ಎಂದ ಅವನು.

"ಇರ್ಲಿ. ನಡೀರಿ ಜೆಟ್ಟಿ ಕಡೆಗೆ. ಇಲ್ಲಿ ಗೋಡೆಗಳಿಗೆ ಕಿವಿ ಇಲ್ಲ, ತಂಗಿ ಇದಾಳೆ."

ಸಮುದ್ರದೊಳಗೆ ಚಾಚಿದ ಜೆಟ್ಟಿಯ ಹಲಗೆಗಳ ಮೇಲೆ ನಿಧಾನಕ್ಕೆ ನಡೆದರು. ಅವಳೇ ಶುರು ಮಾಡಿದಳು. "ಹಿಂದೆ ಒಬ್ಬ ಇದ್ದ. ಮೊದಲನೇ ವರ್ಷ ನನ್ನ ಪಕ್ಕ ಕೂತು ಕಾರ್ಡ್ಸ್ ಆಡ್ದ. ಆಮೇಲೆ ನಿಟ್ಟುಸಿರು ಬಿಡಕ್ಕೆ ಶುರು ಮಾಡ್ದ. ಮದುವೆಗೆ ಹೋಗಕ್ಕಾಗಲ್ಲ ಅಂದ್ರೆ ಒಂದು ನಿಟ್ಟುಸಿರು, ಬಾಲಿಗೆ ಹೋಗಕ್ಕಾಗಲ್ಲ ಅಂದ್ರೆ ಇನ್ನೊಂದು. ಕೊನೆಗೆ ಒಬ್ನೇ ಬಾಲಿಗೆ ಹೋದ. ನಾನು ಒಂದು ಗುಂಡಿ, ನೆನಾದ್. ಒಂದರಿಂದ ಎದ್ದು ಬಂದಿದೀರ. ಇನ್ನೊಂದಕ್ಕೆ ಯಾಕೆ ಇಳೀತೀರ?"

ಅವನು ಕೋಲನ್ನು ಕಂಬಿಗೆ ಒರಗಿಸಿದ. "ಅಲ್ಲಿ ಬಿದ್ದಾಗ ಕೂಗಿ ಕೂಗಿ ಗಂಟಲು ಹೋಯ್ತು. ಮಾರನೇ ದಿನ ಮೇಲಿಂದ ಯಾರೋ 'ಇದ್ದೀಯೇನಪ್ಪಾ' ಅಂದ್ರು. ಏಣಿ ಆಮೇಲೆ ಬಂತು. ಆದ್ರೆ ನಾನು ಅತ್ತಿದ್ದು ಆ ಮಾತು ಕೇಳಿದಾಗ." ಅವಳ ಕಡೆ ತಿರುಗಿ ಹೇಳಿದ, "ಏಣಿ ನನ್ ಹತ್ರ ಇಲ್ಲ ಮೆರಿನ್. ಇದ್ದೀರಾ ಅಂತ ಕೇಳಕ್ಕೆ ಮಾತ್ರ ಬಂದಿದೀನಿ."

ಅವಳು ಕೋಲೆತ್ತಿ ಅವನ ಕೈಗೆ ಕೊಟ್ಟು, ಮುಂದೆ ನಡೆದಳು.

ಜೆಟ್ಟಿಯ ತುದಿಯಲ್ಲಿ ಇನ್ಯಾರೋ ಕ್ಯಾರವಾನಿನವರು ಏಡಿ ಹಿಡಿಯುತ್ತಿದ್ದರು. ಮುಂದಿನ ವಾರ ಪಶ್ಚಿಮ ತೀರದ ಪರ್ತ್‌ಗೆ ಹೋಗುವವರು. ಮೆರಿನ್ ಅವನ ಅಂಗೈಯಿಂದ ಪೆಲಿಕನ್ ತೆಗೆದುಕೊಂಡು, ಧೂಳು ಕೊಡವಿ, ಅವರಿಗೆ ಕೊಟ್ಟಳು. ಪಶ್ಚಿಮ ಯಾವ ಕಡೆ ಅಂತ ಬೆರಳು ಮಾಡಿ ತೋರಿಸಿಯೂ ಕೊಟ್ಟಳು. ಗೆರೆ ಮತ್ತೆ ಬೆಳೆಯಿತು. ಹಿಂದಿನ ಹಾಗೆ ಹಗಲೆಲ್ಲಾ ಅದನ್ನು ನೋಡುತ್ತಾ ಕೂರಲು ಮೆರಿನ್‌ಗೆ ಬಿಡುವಾಗಲಿಲ್ಲ.

ನೆನಾದ್ ಕ್ಯಾರವಾನ್ ಪಾರ್ಕಿನಲ್ಲಿ ಉಳಿದ. ದೋಣಿಗಳ ಇಂಜಿನ್ ರಿಪೇರಿ ಮಾಡಿದ. ಕೆಲವು ದಿನ ಅವಳ ಕುರ್ಚಿ ಪಕ್ಕ ಕೂರುತ್ತಿದ್ದ, ಕೆಲವು ದಿನ ಅವಳನ್ನು ಅವಳ ಪಾಡಿಗೆ ಬಿಡಲೆಂದೇ ಬರುತ್ತಿರಲಿಲ್ಲ. ಬಾರದ ದಿನ ಯಾಕೆ ಬರಲಿಲ್ಲವೆಂದು ಅವಳು ಕೇಳುತ್ತಿರಲಿಲ್ಲ. ಆದರೆ ಬಾಗಿಲು ನೋಡುತ್ತಿದ್ದಳು.

ಚಳಿಗಾಲದಲ್ಲಿ ಒಂದು ದಿನ ಅವನು ಹೇಳಿದ, "ಸೆಡೂನಾ ಆಸ್ಪತ್ರೇಲಿ ಒಂದು ವಾರ ಡಯಾಲಿಸಿಸ್ ಕುರ್ಚಿ ಖಾಲಿ ಇದೆಯಂತೆ. ಹೊರಗಿನೋರಿಗೂ ಕೊಡ್ತಾರಂತೆ."

"ನನ್ನ ಕೇಳ್ದೇನೇ ವಿಚಾರಿಸಿದ್ರಾ?"

"ಇದೆಯಾ ಅಂತ ಕೇಳ್ದೆ ಅಷ್ಟೆ. ಕೂರೋದು, ಬಿಡೋದು ನಿಮಗೆ ಬಿಟ್ಟಿದ್ದು."

ಸೆಡೂನಾ ಪಶ್ಚಿಮಕ್ಕಿತ್ತು. ಅದರಾಚೆ, ತಿಮಿಂಗಿಲಗಳು ಮರಿ ಹಾಕಲು ಬರುವ ಬಂಡೆಗಳ ಕಡಲದಂಡೆ. ಎರಡು ಸರದಿಗಳ ನಡುವಿನ ದಿನ ಅಲ್ಲಿಗೆ ಹೋಗಿ ಬರಬಹುದಿತ್ತು. ಮೆರಿನ್ ಹೊರಟಳು.

ಸೆಡೂನಾದ ಕುರ್ಚಿಯಲ್ಲಿ ಒಂದು ಸರದಿ ಮುಗಿಸಿ, ಮಾರನೆಯ ದಿನ ಅವನ ಟ್ರಕ್ಕಿನಲ್ಲಿ ಹೊರಟರು. ಪೊದೆಗಳ ಬಯಲು, ನೇರ ರಸ್ತೆ. ಅವಳು ಕಿಟಕಿಯಿಂದ ಕೈ ಹೊರಗಿಟ್ಟು ಗಾಳಿ ಹಿಡಿದಳು. ಮುಕ್ಕಾಲು ದಾರಿ ಮುಗಿದಾಗ ಅವನು ಕೇಳಿದ, "ಶೂ ಯಾಕೆ ಬಿಚ್ಚಿದ್ರಿ?"

"ಸೆಕೆ."

"ಇದು ಜುಲೈ. ಚಳಿಗಾಲ."

ಅವಳು ಪಾದಗಳನ್ನು ಸೀಟಿನಡಿ ಎಳೆದುಕೊಂಡಳು. ಊದಿದ್ದವು. ಹಿಂದಿನ ಸಂಜೆ ಖುಷಿಯಲ್ಲಿ ವೈದ್ಯರು ಹಾಕಿಕೊಟ್ಟ ಲೆಕ್ಕ ಮೀರಿ ನೀರು ಕುಡಿದಿದ್ದಳು. ಬೆಳಗಿನಿಂದ ಎದೆ ಬಿಗಿಯುತ್ತಿತ್ತು. ಹೇಳಿರಲಿಲ್ಲ.

ಅವನು ಟ್ರಕ್ಕನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ. ಮೆರಿನ್ ಎದುರಿನ ಗಾಜು ನೋಡುತ್ತಾ ಆ ನಿಟ್ಟುಸಿರಿಗೆ ಕಾದಳು. ಬರಲಿಲ್ಲ. ತಿರುಗಿ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಹೆದರಿಕೆ ಇತ್ತು, ಬೇಸರ ಇರಲಿಲ್ಲ.

"ಉಸಿರಾಡಕ್ಕೆ ಆಗ್ತಿದೆಯಾ?"

"ಆಗ್ತಿದೆ. ಆದ್ರೆ ಹತ್ತಿರ ಬಂದ್ವಿ. ಇನ್ನು ಸ್ವಲ್ಪಾನೇ."

"ಹೌದು," ಎಂದ. ಅಷ್ಟೇ. ಕೈ ಸ್ಟೀರಿಂಗ್ ಮೇಲೆ ಸುಮ್ಮನಿತ್ತು.

ಅವಳು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ತಿರುಗ್ಸಿ. ಆಸ್ಪತ್ರೆಗೆ ಫೋನ್ ಮಾಡ್ತೀನಿ," ಎಂದಳು.

ಅವನು ಇಂಡಿಕೇಟರ್ ಹಾಕಿದ. ಕಣ್ಣು ಹಾಯುವವರೆಗೆ ಒಂದು ಗಾಡಿ ಇರಲಿಲ್ಲ. ಕನ್ನಡಿ ನೋಡಿದ, ಕತ್ತು ತಿರುಗಿಸಿ ಹಿಂದೆ ನೋಡಿದ, ನಿಧಾನಕ್ಕೆ ಟ್ರಕ್ಕನ್ನು ತಿರುಗಿಸಿದ.

ಮೆರಿನ್‌ಗೆ ಆ ಬಿಗಿದ ಎದೆಯಲ್ಲೂ ನಗು ಬಂತು. "ಯಾರಿಗೆ ಹಾಕ್ತಿದೀಯ ಇಂಡಿಕೇಟರು? ಕಾಂಗರೂಗಾ?"

"ಈಗ 'ನೀನು' ಅಂದ್ರಿ."

"ಅಂದೆ. ನೀನಂದ್ರೆ ನಂಗೆ ತುಂಬಾ ಇಷ್ಟ ಕಣೋ. ಈಗ ರಸ್ತೆ ನೋಡ್ಕೊಂಡು ಓಡ್ಸು."

ಅವನು ರಸ್ತೆ ನೋಡಿಕೊಂಡೇ ಓಡಿಸಿದ. ಒಂದು ಕೈಯಿಂದ ಅವಳ ಊದಿದ ಪಾದವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಸೆಡೂನಾ ಬರುವವರೆಗೂ ಅದು ಅಲ್ಲೇ ಇತ್ತು.