ಕಲಾಯಿಗೆ ಹೋದ ಬಿಳಿಲೋಹ

ವಾಚಕ ಮಹಾಶಯರೇ, ಕಳುವಾದ ವಸ್ತುವಿಗಿಂತ ಅದು ಸೇರಿದ ಸ್ಥಳವೇ ಭಯಂಕರವಾಗಬಹುದೆಂಬುದಕ್ಕೆ ಸಾಕ್ಷಿಯಾದ ಈ ವೃತ್ತಾಂತವನ್ನು ಅವಧರಿಸಬೇಕು.

1974ನೆಯ ಇಸವಿ ಮೇ 9, ಗುರುವಾರ, ಬೆಳಿಗ್ಗೆ 9-20. ಎಣ್ಣೆ ಗಿರಣಿಯ ಫಿಟ್ಟರ್ ಹನುಮಂತಪ್ಪ ಹಿರಿಯೂರು ಠಾಣೆಗೆ ದೂರು ತಂದನು. ಬೇರಿಂಗಿಗೆ ಎರಕ ಹೊಯ್ಯುವ ಬಿಳಿಲೋಹದ ಎರಡು ಗಟ್ಟಿಗಳು ಕಾಣೆಯಾಗಿದ್ದವು. ಸಬ್ ಇನ್ಸ್‌ಪೆಕ್ಟರ್ ಮೂರ್ತಪ್ಪನವರು ಎಫ್‌ಐಆರ್ ಬರೆಸುತ್ತ ಕೇಳಿದರು:

“ಬೆಳ್ಳಿಯಂಥದ್ದೇನಪ್ಪ?”

“ಎಲ್ಲಿ ಬೆಳ್ಳಿ ಸ್ವಾಮಿ! ಮಿದು ಲೋಹ. ಶಾಫ್ಟು ಸವೀಬಾರ್ದೂಂತ ತಾನೇ ಸವೀತೈತೆ. ನೋಡಾಕೆ ತವರದಂಗೆ, ಮುಕ್ಕಾಲು ಸೀಸ.”

ಬರೆಯುತ್ತಿದ್ದ ಕಾನ್‌ಸ್ಟೇಬಲ್ ಓಬಯ್ಯನ ಕೈ ನಿಂತಿತು. “ಸಾರ್, ಆದಿವಾಲದಾಗೆ ಕಲಾಯಿ ಸಾಬ್ರು ಕುಲುಮೆ ಹೂಡ್ಯಾರೆ. ತವರ ಅಂದ್ಕಂಡು ಯಾರಾದ್ರೂ ಪಾತ್ರೆಗೆ ಬಳಿಸಿದ್ರೆ?”

ಮೂರ್ತಪ್ಪನವರು ಕುರ್ಚಿಯಿಂದೆದ್ದರು. ಗಿರಣಿಯ ಪಂಚನಾಮೆಗೆ ಹೆಡ್ ಕಾನ್‌ಸ್ಟೇಬಲನನ್ನು ಕಳಿಸಿ, ತಾವು ಓಬಯ್ಯನೊಡನೆ ಜೀಪು ಹತ್ತಿದರು.

10-45. ಕಲಾಯಿ ಸಾಬರು ಮುಚ್ಚಿಡಲಿಲ್ಲ. “ಗಿರಣಿ ಮಿಷನ್ನಿಗೆ ಎಣ್ಣೆ ಬಿಡೋ ಬೀರಪ್ಪ ಒಂದು ಗಟ್ಟಿ ತಂದಿದ್ದ. ಹೊಳಪು ಮಂಕೈತಲ್ಲೋ ಅಂದೆ. ‘ಮಿಷನ್ ಮಾಲು, ನಿಂಗೇನು ಗೊತ್ತು’ ಅಂದ.”

“ಪಾತ್ರೆ ಎಲ್ಲಿ?”

“ಅವನ ತಂಗಿ ಮದ್ವೆ ಇವತ್ತೇ ಅಲ್ವರಾ!”

ಜೀಪು ಚಪ್ಪರದ ಮುಂದೆ ನಿಂತಾಗ ಎಲೆ ಹಾಕಿಯಾಗಿತ್ತು. ಕೊಪ್ಪರಿಗೆಯಿಂದ ಹುಣಸೆಹುಳಿಯ ಸಾರಿನ ಹಬೆ ಏಳುತ್ತಿತ್ತು. ಬಡಿಸಲು ಬಗ್ಗಿದ್ದ ಬೀರಪ್ಪನ ಸೌಟನ್ನು ಮೂರ್ತಪ್ಪನವರು ಹಿಡಿದರು.

“ಕಲಾಯಿಗೆ ಲೋಹ ಎಲ್ಲಿಂದ ತಂದೆ? ಮಿಷನ್ ಮಾಲು ಅಂದ್ರು ಸಾಬ್ರು.”

“ಸಂತೇಲಿ ತಗಂಡ ತವರ, ಸ್ವಾಮಿ. ಸಾಬ್ರು ಸುಳ್ಳು ಹೇಳ್ಯಾರೆ.”

“ಗಿರಣೀದಾದ್ರೆ ಅದು ಸೀಸ. ಹುಳಿಗೆ ಬಿಟ್ಕಂತೈತೆ, ವಿಷ. ಸಂತೇದಾದ್ರೆ ಭಯವಿಲ್ಲ. ಮೊದಲನೇ ಸೌಟು ತಂಗಿ ಎಲೆಗೆ ಹಾಕು.” ಅವರು ಸೌಟು ಬಿಟ್ಟರು.

ಬೀರಪ್ಪ ತಂಗಿಯತ್ತ ನೋಡಿದ. ಅವಳಾಗಲೇ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದಳು.

“ಲೇ, ಹಾಕೋ, ಹಸಿವಾಗೈತೆ!” ಎಂದು ಬೀಗರ ಸಾಲಿನಿಂದ ಯಾರೋ ನಕ್ಕರು.

ಬೀರಪ್ಪ ಕಾಲಿನಿಂದ ಒದ್ದು ಕೊಪ್ಪರಿಗೆಯನ್ನು ಉರುಳಿಸಿದ. ಬಿಸಿ ಸಾರು ಅವನ ಪಾದದ ಮೇಲೆಯೇ ಹರಿಯಿತು. “ಯಾರೂ ಉಣ್ಬೇಡ್ರಪ್ಪೋ!”

11-25ಕ್ಕೆ ದಸ್ತಗಿರಿ. ಹಿತ್ತಿಲಲ್ಲಿ ಎರಡನೆಯ ಗಟ್ಟಿ ಸಿಕ್ಕಿತು. ಪಂಚರು ರುಜು ಹಾಕಿದರು.

ಓಬಯ್ಯ ಬೀರಪ್ಪನ ಪಾದಕ್ಕೆ ಒದ್ದೆ ಬಟ್ಟೆ ಸುತ್ತುತ್ತ ಗದರಿದ: “ಸೀಸ ಅಂತ ಗೊತ್ತಿರ್ಲಿಲ್ಲೇನೋ?”

“ಎಣ್ಣೆ ಬಿಡೋನಿಗೆ ಯಾರು ಹೇಳ್ತಾರಣ್ಣ?”

ಹಿಂದಿನ ವರ್ಷ ಅವನ ಮನೆಯ ಊಟದಲ್ಲಿ ಕಲಾಯಿ ಸವೆದ ಪಾತ್ರೆಯಿಂದ ಸಾರು ಕಿಲುಬಿತ್ತು. ಅಂದಿನಿಂದ ಕೇರಿಯವರು ಕಿಲುಬಿನ ಮನೆಯೆಂದು ಆಡಿಕೊಳ್ಳುತ್ತಿದ್ದರು. ಆ ಮಾತಿಗೇ ತಂಗಿಯ ಎರಡು ಸಂಬಂಧಗಳು ಮುರಿದಿದ್ದವು. ಮೂರನೆಯವರ ಮುಂದೆ ಬೆಳ್ಳಗಿನ ಪಾತ್ರೆ ಇಡಬೇಕೆಂಬುದಷ್ಟೇ ಅವನ ಆಸೆ. ಜೀಪು ತಿರುಗುವಾಗ ಬೀಗರು ಎಲೆ ಬಿಟ್ಟೇಳದೆ ಕೂತಿದ್ದರು. ಯಾರೋ ಸಾರಿನ ಬದಲಿಗೆ ಮಡಕೆಯಲ್ಲಿ ಮಜ್ಜಿಗೆ ತರುತ್ತಿದ್ದರು.

ಇಷ್ಟನ್ನು ನಿವೇದಿಸಿ ಊರೂರು ತಿರುಗಿ ಕಥೆ ಹೇಳುವ ಈ ಕಥಕನು ಜೋಳಿಗೆ ಕಟ್ಟಿ ಹೊಸದುರ್ಗದ ದಾರಿ ಹಿಡಿದನು.