ಪುಟ್ಟಮಾದಮ್ಮ ತಿರುಗಲಿಲ್ಲ

ನಂಜನಗೂಡಿನಿಂದ ತಿ. ನರಸೀಪುರದವರೆಗೆ ಹುಡುಕಿದರೂ ಕಂಪ್ಯೂಟರಿನ ವರ್ಡ್‌ನಲ್ಲಿ ಫೋಟೊ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವನು ಸಿಕ್ಕುವುದಿಲ್ಲ. ಕಪಿಲಾ ಹೊಳೆಯನ್ನೇ ಕೊಟ್ಟರೂ ಹಿಂದಕ್ಕೆ ಹರಿಯುವಂತೆ ಪ್ರಿಂಟ್ ಹಾಕಿಕೊಟ್ಟೇನು. ಅಂಥ ನನ್ನ ಮಾನವನ್ನು ಕವಲಂದೆಯ ನನ್ನದೇ ಜೆರಾಕ್ಸ್ ಅಂಗಡಿಯಲ್ಲಿ, ಮಟಮಟ ಮಧ್ಯಾಹ್ನ, ಸತ್ತುಹೋದ ಅಜ್ಜಿಯೊಬ್ಬಳು ಕಳೆದಳು.

ಆ ಅಜ್ಜಿಯ ಮೊಮ್ಮಗಳು ಕವನ ಪುಟ್ಟಮಾದಮ್ಮಜ್ಜಿಯದೊಂದು, ಎಂದೋ ತೀರಿಕೊಂಡ ತಾತನದೊಂದು ಫೋಟೊ ತಂದಿದ್ದಳು. ಎರಡರಲ್ಲೂ ಮುಖ ಬಲಕ್ಕೆ ತಿರುಗಿತ್ತು.

"ಎದುರುಬದುರು ಕೂರ್ಸ್ಕೊಡಣ್ಣ. ನಾಳೆ ಅಜ್ಜಿ ತಿಥಿ. ಅವ್ರಿಬ್ರೂ ಮಕ ಮಕ ನೋಡ್ಕಂಡಿರದ ಒಂದ್ಸಲನಾದ್ರೂ ನೋಡ್ಬೇಕು ಅಂತ ನಮ್ಮಪ್ಪುನ್ ಆಸೆ."

"ಕಣ್ಮುಚ್ಚಿ ಬುಡದ್ರೊಳ್ಗೆ ಆಯ್ತದೆ ಕಣವ್ವ" ಎಂದೆ.

ತಾತನನ್ನು ಎಡಕ್ಕಿಟ್ಟು, ಬಲಗಡೆಯ ಅಜ್ಜಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಪರದೆಯ ಮೇಲೆ ಇಬ್ಬರೂ ಮುಖಾಮುಖಿಯಾದರು. ಪ್ರಿಂಟ್ ಬಂದರೆ ಅಜ್ಜಿ ತಾತನಿಗೆ ಬೆನ್ನು ಹಾಕಿದ್ದಳು! ರೊಟ್ಟಿಯ ಹಾಗೆ ಬಿಸಿಯಾಗಿ ಬರಬೇಕಾದ ಕಾಗದ ತಣ್ಣಗೆ ಕೊರೆಯುತ್ತಿತ್ತು. ಮೇಲೆ ಹೊಗೆಸೊಪ್ಪಿನ ವಾಸನೆ. ಮಿಷನ್ನಿಗೆ ಗುದ್ದಿದೆ. ಇಬ್ಬರ ಜಾಗ ಅದಲುಬದಲು ಮಾಡಿ, ಈ ಸಲ ತಾತನನ್ನು ತಿರುಗಿಸಿದೆ. ಮತ್ತೆ ತಣ್ಣನೆಯ ಕಾಗದ, ಮತ್ತೆ ಅಜ್ಜಿಯ ಬೆನ್ನು. ಹಾಳಾದ ಕಾಗದದ ರಾಶಿ ನನ್ನ ಮಂಡಿಗೆ ಬಂತು.

ಕವನ ಒಂದನ್ನು ಎತ್ತಿ ಮೂಸಿದಳು. "ನಮ್ಮಜ್ಜಿ ಹೊಗೆಸೊಪ್ಪಿನ್ ವಾಸ್ನೆನೇ ಇದು. ತಾತ ಸಾಯಗಂಟ ಅಜ್ಜಿ ಅವ್ರ್ ಕುಟ್ಟೆ ಮಾತಾಡ್ನಿಲ್ಲ ಕಣಣ್ಣ. ಬುಟ್ಬುಡು, ಇದ್ನೇ ಕೊಡು. ಅಪ್ಪುನ್ಗೆ ನಾನೇ ಯೋಳ್ತೀನಿ."

ಅವಳು ಹೋದ ಮೇಲೆ ಹಟಕ್ಕೆ ಬಿದ್ದು, ಅಜ್ಜಿಯೊಬ್ಬಳ ಫೋಟೊವನ್ನೇ ತಿರುಗಿಸಿ ಪ್ರಿಂಟ್ ಕೊಟ್ಟೆ. ಕಾಗದ ಬಿಸಿಬಿಸಿಯಾಗಿ ಬಂತು. ಅಜ್ಜಿ ನಾನು ಹೇಳಿದ ಕಡೆಗೇ ತಿರುಗಿದ್ದಳು.