ಗಾಳಿಗೆ ಇಡದ ಮೆತ್ತೆ

"ಆ ಕಿಟಕಿ ಮುಚ್ಚಿಬಿಡಿ. ನನ್ನ ಹುಡುಗನಿಗೆ ಚಳಿ ಆಗತ್ತೆ."

ಬೆನ್ನ ಹಿಂದೆ ಯಾರದೋ ದನಿ. ಓರಿಯೆಯ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು.

ತಿರುಗಿ ನೋಡಿದಳು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ತೆಳ್ಳನೆಯ ಯುವಕ, ಕುತ್ತಿಗೆಗೆ ಹತ್ತಿಯ ಟವೆಲ್. ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳು ಚಿತ್ರಿಸುತ್ತಿದ್ದ ಕೋಣೆಯ ಮೇಲಿತ್ತು. ಆ ಕೋಣೆಯ ಕಿಟಕಿಯನ್ನು ಅವಳು ಒಂದು ಬೆರಳಗಲ ತೆರೆದಿಟ್ಟಿದ್ದಳು.

ಅವಳು ಆ ಅನಿಮೇಷನ್ ಸ್ಟುಡಿಯೋಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಆದರೂ ಸಿಟ್ಟು ಮೂಗಿನ ತುದಿಗೆ ಬಂತು.

"ಚಳಿಯಾದ್ರೆ ನೀವೇ ಏನಾದ್ರೂ ಹೊದಿಸಿ. ನನ್ನ ಕೋಣೆ ಮುಟ್ಟಬೇಡಿ."

ಸಾಲು ಮೇಜುಗಳಲ್ಲಿ ಎಲ್ಲರೂ ಉಸಿರು ಹಿಡಿದರು. ಅವನು ಮಾತ್ರ ನಕ್ಕು, ತಲೆಬಾಗಿಸಿ ಹೋದ. ಅವನೇ ಮುರೊಯಿ, ನಿರ್ದೇಶಕರು ಕಣ್ಣುಮುಚ್ಚಿ ನಂಬುವ ಕೈ ಅವನದು ಎಂದು ಪಕ್ಕದವಳು ಪಿಸುಗುಟ್ಟಿದಾಗ ಓರಿಯೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮರುದಿನ ನೋಡಿದರೆ ಅವನು ಬರೆದ ಹುಡುಗನ ಹೆಗಲ ಮೇಲೆ ಒಂದು ಶಾಲು ಬಂದಿತ್ತು. ಕಿಟಕಿ ತೆರೆದೇ ಇತ್ತು.

ಪ್ರೀತಿ ಹುಟ್ಟಿದ್ದು ಅವತ್ತೇ... ಅದನ್ನು ಒಪ್ಪಿಕೊಳ್ಳಲು ಮಾತ್ರ ಅವಳಿಗೆ ವರ್ಷಗಳೇ ಬೇಕಾದವು.

ಒಗಿಕುಬೊ ಸ್ಟೇಷನ್ನಿನ ಹಿಂದಿನ ಆ ಹಳೆಯ ಕಟ್ಟಡದಲ್ಲಿ ಸಿನಿಮಾವನ್ನು ಕೈಯಲ್ಲೇ ಬರೆಯುತ್ತಿದ್ದರು. ಅಲುಗಾಡುವುದೆಲ್ಲ ಮುರೊಯಿಯಂಥವರ ಪಾಲು: ಮನುಷ್ಯರು, ದೆವ್ವಗಳು, ಹಾರುವ ಬಟ್ಟೆ, ಅನ್ನದ ಹಬೆ. ಅಲುಗಾಡದೆ ಇರುವುದೆಲ್ಲ ಓರಿಯೆಯ ಪಾಲು: ಗೋಡೆ, ಚಾಪೆ, ಮೋಡ, ಮೊಳೆ. ಯಾವ ದೃಶ್ಯದಲ್ಲಿ ಏನೇನಿರಬೇಕೆಂದು ಅವನು ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದು ಕಳಿಸುತ್ತಿದ್ದ. ಅವಳು ಅದಕ್ಕೆ ಬಣ್ಣ ತುಂಬಿ ಕೋಣೆ ಕಟ್ಟುತ್ತಿದ್ದಳು. ಅವನ ಪಾರದರ್ಶಕ ಹಾಳೆಗಳು ಅವಳ ಚಿತ್ರದ ಮೇಲೆ ಕೂರುತ್ತಿದ್ದವು. ಅವರಿಬ್ಬರ ಸಂಬಂಧ ಅಷ್ಟೇ. ಅವನ ಜನ ಅವಳ ಮನೆಗಳಲ್ಲಿ ಓಡಾಡುತ್ತಿದ್ದರು. ಅವನು ಮಾತ್ರ ಅವಳ ಮೇಜಿನ ಬಳಿ ಬಂದರೆ, ಮನೆತನದ ಹೆಸರು ಹಿಡಿದು 'ಹತಾನೊ ಸಾನ್' ಎಂದು ಗೌರವದಿಂದ ಕರೆದು, ಹವಾಮಾನದ ವಿಷಯ ಮಾತಾಡಿ ಹೋಗುತ್ತಿದ್ದ.

ಅಷ್ಟೇ ಸಾಕಾಗಿತ್ತು ಅವಳಿಗೆ. ಕಿರಿನೊ ಬರುವ ತನಕ.

ಆ ವರ್ಷದ ಸಿನಿಮಾದ ಹೆಸರು 'ಗಾಳಿಗಳು ತಂಗುವ ಮನೆ'. ಬೆಟ್ಟದ ತುದಿಯಲ್ಲಿ ಒಂದು ಛತ್ರ. ದಣಿದ ಗಾಳಿಗಳು ಅಲ್ಲಿಗೆ ಬಂದು, ಉಂಡು, ನಿಂತಲ್ಲೇ ತೂಕಡಿಸಿ ಹೋಗುತ್ತವೆ. ಗಾಳಿಗೆ ಕೂರಲು ಬರುವುದಿಲ್ಲ. ಕೂತರೆ ಅದು ಅಲ್ಲೇ ಉಳಿಯಲು ಒಪ್ಪಿದ ಹಾಗೆ. ಛತ್ರ ನೋಡಿಕೊಳ್ಳುವ ಹುಡುಗನನ್ನು ಬರೆಯುವವನು ಮುರೊಯಿ. ಎಲ್ಲಕ್ಕಿಂತ ಕಿರಿಯ ಗಾಳಿ ಒಬ್ಬ ಹುಡುಗಿ. ಅವಳನ್ನು ಬರೆಯಲು ಬಂದವಳು ಕಿರಿನೊ.

ಇಬ್ಬರೂ ಕಾರಿಡಾರಿನಲ್ಲಿ ನಿಂತು ದೃಶ್ಯಗಳನ್ನು ನಟಿಸಿ ನೋಡುತ್ತಿದ್ದರು. ಕಿರಿನೊ ತೇಲಿ ಬಂದು ಮೆಲ್ಲಗೆ ಕೂರುವುದು, ಮುರೊಯಿ ಗಡಿಯಾರ ಹಿಡಿದು ಕ್ಷಣ ಎಣಿಸುವುದು, ಕೈ ಹಿಡಿದು ಎಬ್ಬಿಸುವುದು. ಮತ್ತೆ ಮೊದಲಿನಿಂದ. ಬಿದ್ದು ಬಿದ್ದು ನಗುವುದು.

ಅದು ಕೆಲಸ ಎಂದು ಓರಿಯೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯುವುದು ಬೇರೆ ಸಂಗತಿ.

ಕಿರಿನೊ ಮನೆಯಿಂದ ಅವನಿಗೆ ಅನ್ನದ ಉಂಡೆ ಕಟ್ಟಿ ತರುತ್ತಿದ್ದಳು. ಒಂದು ಮಧ್ಯಾಹ್ನ ಕುಂಚ ತೊಳೆಯುವ ನಲ್ಲಿಯ ಬಳಿ ಎಲ್ಲರೆದುರೇ ಹೇಳಿದಳು, ಸಿನಿಮಾ ಮುಗೀಲಿ, ಮುರೊಯಿ ಸಾನ್‌ನ ನಾನೇ ಕೇಳಿಬಿಡ್ತೀನಿ ಅಂತ. ಹುಡುಗಿಯರು ಚಪ್ಪಾಳೆ ತಟ್ಟಿದರು. ಓರಿಯೆಯೂ ತಟ್ಟಿದಳು. ಅವಳ ಅಂಗೈಯಲ್ಲಿದ್ದ ನೀಲಿ ನೀರು ಮುಖಕ್ಕೆ ಸಿಡಿಯಿತು.

ಆ ವಾರವೇ ಸಿನಿಮಾದ ಜೀವಾಳದಂಥ ದೃಶ್ಯದ ನಕ್ಷೆ ಅವಳ ಮೇಜಿಗೆ ಬಂತು. ಹುಡುಗನ ಕೋಣೆ. ಒಲೆಯ ಪಕ್ಕ ಎರಡು ಮೆತ್ತೆ. ಒಂದು ಅವನದು, ಇನ್ನೊಂದು ಗಾಳಿಹುಡುಗಿಯದು. ಅವಳು ಜೀವನದಲ್ಲಿ ಮೊದಲ ಸಲ ಕೂರುವುದು ಅಲ್ಲೇ.

ಓರಿಯೆ ಕಾಗದ ನೆನೆಸಿ ಗೋಡೆ ಬರೆದಳು. ಕಿಟಕಿ ಬರೆದಳು, ಎಂದಿನಂತೆ ಒಂದು ಬೆರಳಗಲ ತೆರೆದು. ಹುಡುಗನ ಮೆತ್ತೆ ಬರೆದಳು, ಮಾಸಿದ ಕೆಂಪಿನದು, ಮೂಲೆಯಲ್ಲಿ ಹೊಲಿಗೆ ಬಿಟ್ಟದ್ದು.

ಎರಡನೆಯದಕ್ಕೆ ಬಣ್ಣ ಕಲಸಿದಳು. ಕುಂಚ ಅದ್ದಿದಳು.

'ಅವಳಿಗೆ ಕೂರಲು ಜಾಗ ಬೇಕಂತೆ. ಅದನ್ನ ನಾನೇ ಹಾಸಿಕೊಡಬೇಕಂತೆ...'

ಕುಂಚ ಚಾಪೆಯ ಹಸಿರಿಗೆ ಹೊರಳಿತು. ಮೆತ್ತೆ ಇರಬೇಕಾದಲ್ಲಿ ಬರಿಯ ನೆಲ ಬಂತು. ಮನಸ್ಸು ಬದಲಾದೀತೆಂಬ ಭಯಕ್ಕೆ ಕೂದಲು ಒಣಗಿಸುವ ಯಂತ್ರ ಹಿಡಿದು ಬೇಗ ಬೇಗ ಒಣಗಿಸಿದಳು.

ಹಿನ್ನೆಲೆ ವಿಭಾಗದ ಹಿರಿಯ ಎಬಿಹಾರ ಚಿತ್ರವನ್ನು ಕೈಗೆತ್ತಿಕೊಂಡು, ಕನ್ನಡಕ ಮೇಲೇರಿಸಿ ಕೇಳಿದರು.

"ಒಂದೇನಾ?"

"ಒಂದೇ," ಎಂದಳು ಓರಿಯೆ.

ಅವಳ ಮಾತಿನ ಮೇಲೆ ಅವರು ಎಂದೂ ಅನುಮಾನ ಪಟ್ಟವರಲ್ಲ. ಅವತ್ತೂ ಪಡಲಿಲ್ಲ. ಅದೇ ಅವಳನ್ನು ಸುಟ್ಟಿತು.

ಚಿತ್ರ ತಿದ್ದುಪಡಿಗೆ ವಾಪಸ್ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬದಲಿಗೆ ಸುದ್ದಿ ಬಂತು: ಆ ದೃಶ್ಯವನ್ನು ಮುರೊಯಿ ಮತ್ತು ಕಿರಿನೊ ಮೊದಲಿನಿಂದ ಮತ್ತೆ ಬರೆಯುತ್ತಿದ್ದಾರೆ. ಕಿರಿನೊ ಕಣ್ಣು ಊದಿಸಿಕೊಂಡು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದನ್ನು ಕಂಡಾಗ ಓರಿಯೆ ಊಟದ ಡಬ್ಬಿ ಮುಚ್ಚಿಟ್ಟಳು. ಹೋಗಿ ಹೇಳಿಬಿಡಬೇಕೆಂದು ಎದ್ದಳು. ಆದರೆ ಕಿರಿನೊ ಪಕ್ಕದಲ್ಲಿ ಮುರೊಯಿ ಇದ್ದ. ಇಬ್ಬರೂ ಒಂದೇ ಹಾಳೆಯ ಮೇಲೆ ಬಾಗಿದ್ದರು.

ಅವಳು ಮತ್ತೆ ಕೂತಳು.

ಸಿನಿಮಾ ಮುಗಿದು ಕೆಲಸದವರಿಗೆಲ್ಲ ಮೊದಲ ಪ್ರದರ್ಶನ ಇಟ್ಟಾಗ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದಳು. ಬಿಡುಗಡೆಯ ದಿನ ಮಾತ್ರ ತಡೆಯಲಾಗಲಿಲ್ಲ. ಕಿಚಿಜೋಜಿಯ ಚಿತ್ರಮಂದಿರಕ್ಕೆ ಟೋಪಿ ಕೆಳಗೆಳೆದುಕೊಂಡು ಹೋದಳು. ಬೇಸಿಗೆ ರಜೆ. ಒಳಗೆಲ್ಲ ಮಕ್ಕಳು. ಪಕ್ಕದ ಸೀಟಿನಲ್ಲಿ ಅಮ್ಮನ ತೊಡೆಗೊರಗಿದ ಒಂದು ಪುಟ್ಟಿ.

ದೀಪ ಆರಿತು.

ಅಬ್ಬಾ... ತಾನೇ ಬರೆದ ಬೆಟ್ಟ, ಆದರೆ ಅದರ ಹುಲ್ಲು ಬಾಗುತ್ತಿದೆ! ಗಾಳಿಗಳು ಬಂದವು. ಬಾಗಿಲ ಪರದೆ ಎದ್ದಿತು, ಅನ್ನದ ಹಬೆ ಓರೆಯಾಯಿತು, ಮುದಿ ಗಾಳಿಯೊಂದು ಸೂಪಿನ ಬಟ್ಟಲನ್ನು ಊದಿ ಖಾಲಿ ಮಾಡಿತು. ಮಕ್ಕಳು ಗೊಳ್ಳೆಂದರು. ಒಂದೊಂದು ಗೆರೆಯೂ ಸಣ್ಣಗೆ ನಡುಗುತ್ತಿತ್ತು, ಉಸಿರಾಡುವ ಎದೆಯ ಹಾಗೆ. ಯಾರೋ ಕೂತು, ಅಳಿಸಿ, ಮತ್ತೆ ಬರೆದದ್ದೆಂದು ಆ ನಡುಕವೇ ಹೇಳುತ್ತಿತ್ತು. ತನ್ನ ಕೆಲಸ ಎನ್ನುವುದನ್ನೇ ಓರಿಯೆ ಮರೆತಳು.

ಆಗ ಆ ಕೋಣೆ ಬಂತು.

ಒಂದೇ ಮೆತ್ತೆ. ಗಾಳಿಹುಡುಗಿ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಅವಳ ಕೂದಲು ಎಂದಿನಂತೆ ಹಾರುತ್ತಲೇ ಇತ್ತು. ಓರಿಯೆ ಬೆರಳು ಕಚ್ಚಿಕೊಂಡಳು.

ಹುಡುಗ ಸುತ್ತ ನೋಡಿದ. ಆಮೇಲೆ ಮೈಮೇಲಿನ ಹತ್ತಿ ತುಂಬಿದ ಅಂಗಿ ಬಿಚ್ಚತೊಡಗಿದ. ಒಂದು ತೋಳು ಸಿಕ್ಕಿಕೊಂಡಿತು, ಎಳೆದ. ಅಂಗಿಯನ್ನು ಮಡಿಸಿ ಬರಿಯ ನೆಲದ ಮೇಲಿಟ್ಟ. ಮಗುವನ್ನು ಮಲಗಿಸುವಾಗ ತಟ್ಟುತ್ತೇವಲ್ಲ, ಹಾಗೆ ಮೆತ್ತಗೆ ತಟ್ಟಿದ.

ಅವಳು ಒಂದು ಮೊಣಕಾಲು ಊರಿದಳು. ಬೆದರಿ ಎದ್ದಳು. ಮತ್ತೆ ಊರಿದಳು. ಕೂತಳು.

ಸಿನಿಮಾದ ಮೊದಲಿನಿಂದ ಹಾರುತ್ತಿದ್ದ ಆ ಕೂದಲು ಮೊದಲ ಸಲ ಹೆಗಲ ಮೇಲಿಳಿದು ನಿಂತಿತು.

"ಅಮ್ಮಾ, ಗಾಳಿ ಕೂತ್ಕೊಂಡ್ಲು," ಎಂದು ಪಕ್ಕದ ಪುಟ್ಟಿ ಉಸುರಿದಳು.

ತೆಳು ಅಂಗಿಯಲ್ಲಿ ಉಳಿದ ಹುಡುಗ ನಡುಗಿದ. ತೆರೆದ ಕಿಟಕಿಯತ್ತ ತಿರುಗಿದ, ಅದನ್ನೇ ನೋಡಿದ, ಸಣ್ಣಗೆ ನಕ್ಕ.

ಮುಚ್ಚಲಿಲ್ಲ.

ಓರಿಯೆಗೆ ಮುಂದಿನದೇನೂ ಕಾಣಲಿಲ್ಲ. ಕಣ್ಣೆಲ್ಲ ನೀರು.

ಹೊರಗಿನ ಹಜಾರದಲ್ಲಿ ಕಿರಿನೊ ಗೋಡೆಗೊರಗಿ ನಿಂತಿದ್ದಳು.

"ಜ್ವರ ಇಳೀತಾ?"

ಓರಿಯೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು. ಮೆತ್ತೆ ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು, ಎಬಿಹಾರ ಅವರ ಮುಂದೆ ಸುಳ್ಳು ಹೇಳಿದ್ದು, ಎಲ್ಲವನ್ನೂ ತೊದಲುತ್ತ ಒಪ್ಪಿಕೊಂಡಳು. ಕಿರಿನೊ ಕೇಳುತ್ತ ಬ್ಯಾಗಿನ ದಾರ ಸುತ್ತಿದಳು, ಬಿಚ್ಚಿದಳು.

"ಸಾಕು, ಏಳು. ಮೆತ್ತೆ ಇಲ್ದೆ ಕೂತಿದ್ದಕ್ಕೇ ನನ್ನ ಗಾಳಿ ಇವರಿಗೆಲ್ಲ ಇಷ್ಟ ಆಗಿರೋದು. ಅದಕ್ಕೂ ನಿನಗೇ ಥ್ಯಾಂಕ್ಸ್ ಹೇಳ್ಬೇಕಾ ನಾನು?" ಅವಳ ತುಟಿ ಕೊಂಕಿತು. "ನಿನ್ನ ಚಿತ್ರ ಬಂದ ದಿನ ನಾನು ಕೂಗಾಡಿದೆ. ಅವನು ನಕ್ಕ. ಕೆಲಸ ಪೂರ್ತಿ ಹಾಳಾಗಿದೆ, ಇವನಿಗೆ ಲಾಟರಿ ಹೊಡೆದ ಹಾಗೆ ನಗು. ಅವನ ಮನಸ್ಸು ಎಲ್ಲಿದೆ ಅಂತ ಅವತ್ತೇ ನನಗೆ ಅರ್ಥ ಆಯ್ತು. ಆದ್ರೂ ಕೇಳ್ದೆ. ಆಗಲ್ಲ ಅಂದ."

ಓರಿಯೆ ತಲೆ ಎತ್ತಿ ಟೋಪಿ ತೆಗೆದಳು.

"ಹೊಟ್ಟೆಕಿಚ್ಚು ನಿನ್ನೊಬ್ಬಳ ಸೊತ್ತಲ್ಲ, ತಿಳ್ಕೋ. ಹೊರಗಡೆ ಮೆಟ್ಟಿಲ ಮೇಲಿದ್ದಾನೆ. ನೀನು ಬಂದೇ ಬರ್ತೀಯ ಅಂತ ಬೆಳಿಗ್ಗೆ ಮೊದಲ ಆಟದಿಂದ ಕಾಯ್ತಾ ಇದ್ದಾನೆ. ಹೋಗು, ನನ್ನ ಮನಸ್ಸು ಬದಲಾಗೋ ಮೊದಲು."

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಮುರೊಯಿ ಮೆಟ್ಟಿಲ ಮೇಲೆ ಕೂತು ಜೀರುಂಡೆಗಳ ಸೀಟಿಯಂಥ ಚೀರಾಟ ಕೇಳುತ್ತಿದ್ದ. ಅವಳನ್ನು ಕಂಡು ಎದ್ದ. ಇಬ್ಬರೂ ಸ್ವಲ್ಪ ಹೊತ್ತು ಹವಾಮಾನದ ವಿಷಯ ಮಾತಾಡಿದರು.

"ಯಾಕೆ ವಾಪಸ್ ಕಳಿಸಲಿಲ್ಲ?" ಕೊನೆಗೆ ಅವಳೇ ಕೇಳಿದಳು.

"ನನ್ನ ಕೋಣೆ ಮುಟ್ಟಬೇಡಿ ಅಂದಿದ್ರಲ್ಲ."

ಅವಳು ತಲೆ ತಗ್ಗಿಸಿದಳು.

"ಇಷ್ಟು ವರ್ಷದಲ್ಲಿ ನೀವು ಒಂದು ಮೊಳೆಯನ್ನೂ ಬಿಟ್ಟವರಲ್ಲ," ಎಂದ ಅವನು, ನೆಲ ನೋಡುತ್ತ. "ಆ ಬರೀ ನೆಲ ನೋಡಿದೆ. ಇದು ಮರೆವಲ್ಲ ಅನ್ನಿಸ್ತು. ಮರೆವಲ್ಲ ಅಂದ್ರೆ ಸಿಟ್ಟು. ಸಿಟ್ಟು ಅಂದ್ರೆ... ನನ್ನ ಮೇಲೂ ನಿಮಗೆ ಏನೋ ಇದೆ. ನನಗೆ ಧೈರ್ಯ ಸಾಕಾಗಿರಲಿಲ್ಲ, ಹತಾನೊ ಸಾನ್. ಬರೀ ಮಳೆ, ಬಿಸಿಲು ಅಂತಲೇ ಮಾತಾಡಿಕೊಂಡು ಇದ್ದೆ. ಹೇಳಬೇಕಾಗಿದ್ದನ್ನ ಆ ಹುಡುಗನ ಕೈಲಿ ಮಾಡಿಸಿದೆ."

"ಅಷ್ಟೊಂದು ಹಾಳೆ ಮತ್ತೆ ಬರೆದು?"

"ಅಂಗಿ ಮಡಿಸೋದು ಕಷ್ಟ. ತೋಳು ಸಿಕ್ಕಿಕೊಳ್ಳತ್ತೆ."

ಅವಳಿಗೆ ಅಳುವಿನ ಮಧ್ಯೆ ನಗು ಬಂತು. ಅವನು ಕುತ್ತಿಗೆಯ ಟವೆಲ್ ತೆಗೆದ, ಮಡಿಸಿದ, ಮೆಟ್ಟಿಲ ಮೇಲಿಟ್ಟು ಮೆತ್ತಗೆ ತಟ್ಟಿದ. ತಾನು ಪಕ್ಕದ ಬರಿಯ ಕಲ್ಲಿನ ಮೇಲೆ ಕೂತ.

ಓರಿಯೆ ಆ ಟವೆಲನ್ನು ನೋಡಿದಳು. ಅವನನ್ನು ನೋಡಿದಳು. ಟವೆಲಿನ ಒಂದು ತುದಿಗೆ ಕೂತಳು.

"ಮುಂದಿನ ಸಲ ನನ್ನ ನಕ್ಷೆಯಲ್ಲಿ ಎರಡು ಮೆತ್ತೆ ಇದ್ರೆ," ಅವನು ಕೇಳಿದ, "ಎರಡೂ ಬರೀತೀರಾ, ಓರಿಯೆ ಸಾನ್?"

"ಇಲ್ಲ," ಎಂದಳು ಅವಳು. "ಒಂದೇ ಸಾಕು. ಸ್ವಲ್ಪ ಇತ್ತ ಸರಿದು ಕೂತ್ಕೊಳ್ಳಿ."